ಮೇಯರ್ ಮೈಮೇಲಿನ ಬಿಳಿ ಚುಕ್ಕೆ

ವೀಬೆಗೆ ಸಿಟ್ಟು ಬಂದಿತ್ತು. ಅವನಿಗೆ ಸಿಟ್ಟು ಬರುವುದೇ ಅಪರೂಪ, ಬಂದದ್ದು ಹೋಗುವುದು ಇನ್ನೂ ಅಪರೂಪ. ಈ ಸಲದ್ದು ಬಂದು ಹದಿನೆಂಟು ದಿನವಾಗಿತ್ತು. ಗಂಟುಮೂಟೆ ಸಮೇತ ಬಂದ ನೆಂಟನ ಹಾಗೆ ಕಾಲು ಚಾಚಿ ಕೂತಿತ್ತು.

ಸಿಟ್ಟು ಭಾಮೈದನ ಮೇಲೆ. ಹೆಸರು ಡೌವೆ. ಮೂರು ಬೀದಿ ಆಚೆ ಮನೆ.

ವೀಬೆ ಹಾರ್ಲಿಂಗೆನ್ ಬಂದರಿನಲ್ಲಿ ಹೂಳೆತ್ತುವ ದೋಣಿಯಲ್ಲಿ ಕೆಲಸಕ್ಕಿದ್ದ. ಹಗಲಿಡೀ ಕೆಸರು, ಸಂಜೆಗೆ ಮನೆ. ಮಾತು ಕಡಿಮೆ. ಇದ್ದಬದ್ದ ಮಾತನ್ನೆಲ್ಲ ಹಜಾರದ ಗಾಜಿನ ತೊಟ್ಟಿಯ ಮುಂದೆ ಆಡಿ ಮುಗಿಸುತ್ತಿದ್ದ. ನಾನೂರು ಲೀಟರ್ ಉಪ್ಪುನೀರಿನ ತೊಟ್ಟಿ. ಒಳಗೆ ಹವಳ, ಎರಡು ಸೀಗಡಿ, ಒಂಬತ್ತು ವರ್ಷದ ಒಂದು ನೀಲಿ ಮೀನು. ಅದರ ಹೆಸರು ಮೇಯರ್. (ಯಾರು ಬಂದರೂ ಗಾಜಿನ ಹತ್ತಿರ ಬಂದು ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಳ್ಳುತ್ತಿತ್ತು, ಏನೂ ಮಾಡುತ್ತಿರಲಿಲ್ಲ. ಅದಕ್ಕೇ ಆ ಹೆಸರು.)

"ಬೀದಿ ಕೊನೆಗೆ ಸಮುದ್ರ ಬಿದ್ದಿದೆ, ಇವನು ಬಕೆಟ್‌ಗಟ್ಟಲೆ ಉಪ್ಪು ಕೊಂಡು ತಂದು ನಲ್ಲಿ ನೀರಿಗೆ ಹಾಕ್ತಾನೆ," ಎಂದು ಹೆಂಡತಿ ಯಾನ್ಕೆ ಬಂದವರಿಗೆಲ್ಲ ಹೇಳುತ್ತಿದ್ದಳು.

ಗಲಾಟೆ ಶುರುವಾದದ್ದು ವೀಬೆಯ ಹುಟ್ಟುಹಬ್ಬದ ದಿನ. ಹಜಾರದಲ್ಲಿ ಸುತ್ತಲೂ ಕುರ್ಚಿ. ಹದಿನಾಲ್ಕು ಜನ ಮಂಡಿಯ ಮೇಲೆ ಕೇಕ್ ತಟ್ಟೆ ಇಟ್ಟುಕೊಂಡು ಕೂತಿದ್ದರು. ಊರಿನ ಪದ್ಧತಿ ಪ್ರಕಾರ ಉಡುಗೊರೆಯನ್ನು ಕೊಟ್ಟವರ ಕಣ್ಣೆದುರೇ ಬಿಚ್ಚಬೇಕು, ಬಿಚ್ಚಿ ಖುಷಿಪಡಬೇಕು. ಇಷ್ಟವಾಗದ ಕಾಲುಚೀಲವನ್ನೂ ಆಗಲೇ ಹಾಕಿ ತೋರಿಸಬೇಕು. ಡೌವೆ ಕೈಗಿಟ್ಟದ್ದು ನೀರು ತುಂಬಿದ ಪ್ಲಾಸ್ಟಿಕ್ ಚೀಲ. ಒಳಗೆ ಕಿತ್ತಳೆ ಬಣ್ಣದ ಕೋಡಂಗಿ ಮೀನು.

ವೀಬೆಯದು ಒಂದು ಉಕ್ಕಿನ ನಿಯಮ: ಹೊಸದಾಗಿ ಬಂದ ಜೀವ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿ ಒಂಟಿಯಾಗಿರಬೇಕು. "ಇದು... ಬೇರೆ ಕಡೆ ಇಡ್ತೀನಿ," ಎಂದ.

"ಏನ್ ಭಾವ, ನನ್ನ ಉಡುಗೊರೆನ ಜೈಲಿಗೆ ಹಾಕ್ತೀಯಾ?" ಡೌವೆ ಕೇಳಿದ.

"ಬಿಡೋ ವೀಬೆ, ಬಿಡು!" ಹದಿನಾಲ್ಕು ಚಮಚ ತಟ್ಟೆಗೆ ಬಡಿದವು. ವೀಬೆ ಮೀನನ್ನು ದೊಡ್ಡ ತೊಟ್ಟಿಗೇ ಬಿಟ್ಟ.

ಐದನೇ ದಿನ ಮೇಯರ್ ಮೈತುಂಬ ಬಿಳಿ ಚುಕ್ಕೆ, ಯಾರೋ ಉಪ್ಪು ಚಿಮುಕಿಸಿದ ಹಾಗೆ. ಮೈಯನ್ನು ಕಲ್ಲಿಗೆ ಉಜ್ಜುತ್ತಿತ್ತು, ಊಟ ಬಿಟ್ಟಿತ್ತು. ಮೀನಿನ ಚರ್ಮದೊಳಗೆ ಹೊಕ್ಕು ಕೂರುವ ಪರೋಪಜೀವಿ ಅದು. ವೀಬೆ ಫೋನ್ ಎತ್ತಿ ತನ್ನ ಜನ್ಮದ ಅತಿ ದೀರ್ಘ ಭಾಷಣ ಮಾಡಿದ: "ನಿನ್ನ ಕೋಡಂಗಿ ನನ್ನ ಮನೆಗೆ ರೋಗ ತಂತು. ಇನ್ನು ನೀನು ಇಲ್ಲಿಗೆ ಬರಬೇಡ, ನಾನೂ ಅಲ್ಲಿಗೆ ಬರಲ್ಲ."

ಆಮೇಲೆ ಶುರುವಾಯಿತು ಮಹಾಚಿಕಿತ್ಸೆ. ಔಷಧಿಯಲ್ಲಿ ತಾಮ್ರ. ಅದನ್ನು ದೊಡ್ಡ ತೊಟ್ಟಿಗೆ ಹಾಕಿದರೆ ಹವಳ, ಸೀಗಡಿ ಎಲ್ಲ ಸಾಯುತ್ತವೆ. ಹಾಗಾಗಿ ಮೀನುಗಳು ಬೇರೆ ಟಬ್‌ಗೆ. ದೊಡ್ಡ ತೊಟ್ಟಿ ಹತ್ತು ವಾರ ಮೀನಿಲ್ಲದೆ ಖಾಲಿ ಇರಬೇಕು, ಒಳಗಿನ ಪೀಡೆ ಅಂಟಿಕೊಳ್ಳಲು ಮೈ ಸಿಗದೆ ಸಾಯಬೇಕು. ಇಡೀ ಮನೆಯಲ್ಲಿ ಟಬ್ ಹಿಡಿಸುವ ಜಾಗ ಒಂದೇ, ಸ್ನಾನದ ಕೋಣೆ.

"ನಾನೆಲ್ಲಿ ಸ್ನಾನ ಮಾಡ್ಲಿ?" ಯಾನ್ಕೆ ಸೊಂಟಕ್ಕೆ ಕೈಯಿಟ್ಟಳು.

"ಹತ್ತು ವಾರ ಅಷ್ಟೇ."

"ಹತ್ತು ವಾರ! ಮೀನಿಗೆ ಬೆಚ್ಚಗಿನ ನೀರು, ಹೆಂಡತಿಗೆ ಒದ್ದೆ ಬಟ್ಟೆ! ನಾನು ತಮ್ಮನ ಮನೆಗೆ ಹೋಗ್ತೀನಿ."

"ಆ ಕೋಡಂಗಿ ಮನೆಗಾ? ನಿಯಮ ಮುರಿಸಿದವನು ಅವನು!"

"ಆಹಾ ನಿಯಮ! ಹುಟ್ಟುಹಬ್ಬಕ್ಕೆ ಎರಡು ವಾರ ಮುಂಚೆ ನಿನ್ನ ಮೀನು ಸಾಕೋರ ಕ್ಲಬ್‌ನಿಂದ ಹವಳ ಅಂಟಿದ ಕಲ್ಲು ತಂದು ನೇರವಾಗಿ ಒಳಗೆ ಇಟ್ಟೆಯಲ್ಲ, ಆಗ ಎಲ್ಲಿತ್ತಪ್ಪಾ ನಿಯಮ?"

"ಅದು ಕಲ್ಲು! ಕಲ್ಲಿಗೆ ಕಾಯಿಲೆ ಬರುತ್ತಾ?"

ದಿನಾ ಸಂಜೆ ಯಾನ್ಕೆ ಟವೆಲ್ ಹೆಗಲಿಗೆ ಹಾಕಿ ಸೈಕಲ್ ಹತ್ತುತ್ತಿದ್ದಳು, ಕೆನ್ನೆ ಕೆಂಪಾಗಿಸಿಕೊಂಡು ಕಾಫಿ ಕುಡಿದು ಬರುತ್ತಿದ್ದಳು. ಕೊಟ್ಟ ಮಾತು ತಪ್ಪದ ವೀಬೆ ಮಾತ್ರ ಅಡುಗೆಮನೆಯ ಸಿಂಕ್‌ನಲ್ಲಿ ಒಂದೊಂದೇ ಕೈಕಾಲು ತೊಳೆಯುತ್ತಿದ್ದ. ಎರಡು ವಾರಕ್ಕೆ ದೋಣಿಯಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ. ಹೂಳೆತ್ತುವವರೇ ಮೂಗು ಮುಚ್ಚಿಕೊಂಡರು ಎಂದರೆ ಲೆಕ್ಕ ಹಾಕಿ.

ಮೇಯರ್ ಇನ್ನೂ ಊಟ ಮುಟ್ಟಿರಲಿಲ್ಲ. ಬೆನ್ನು ತೆಳ್ಳಗಾಗಿತ್ತು. ಹದಿನೆಂಟನೇ ದಿನ ವೀಬೆ ನಿರ್ಧರಿಸಿದ: ಮೇಯರ್ ಸತ್ತರೆ, ಕೊಂದವರು ಯಾರು ಅಂತ ಊರಿಗೆ ಗೊತ್ತಾಗಬೇಕು. ಸಾಕ್ಷಿ ಬೇಕು. ಯಾನ್ಕೆಯ ಫೋನಿನಲ್ಲಿ ಹುಟ್ಟುಹಬ್ಬದ ಫೋಟೋ ಹುಡುಕಿದ. ಸಿಕ್ಕಿತು. ಕೈಯಲ್ಲಿ ಚೀಲ ಹಿಡಿದು ಬಲವಂತದ ನಗು ನಗುತ್ತಿದ್ದ ತಾನು. ಕೆಸರು ಹತ್ತಿದ ಬೆರಳಿನಿಂದ ಚೀಲವನ್ನು ದೊಡ್ಡದು ಮಾಡಿದ.

ಕೋಡಂಗಿಯ ಮೈ ಲಕಲಕ ಹೊಳೆಯುತ್ತಿತ್ತು. ಒಂದು ಚುಕ್ಕೆ ಇಲ್ಲ.

ಹಿಂದೆ ಗಾಜಿನಲ್ಲಿ ಮೇಯರ್. ರೆಕ್ಕೆಯ ಮೇಲೆ ಬಿಳಿ ಚುಕ್ಕೆ. ಒಂದು, ಎರಡು... ಏಳು.

ಯಾನ್ಕೆ ಹೆಗಲ ಮೇಲಿಂದ ಬಗ್ಗಿ ನೋಡಿದಳು. "ಚೀಲ ಇನ್ನೂ ಬಿಚ್ಚಿಲ್ಲ, ಅಲ್ವಾ?"

ವೀಬೆ ಏಳು ಚುಕ್ಕೆಗಳನ್ನು ಇನ್ನೊಮ್ಮೆ ಎಣಿಸಿದ.

"ಕಲ್ಲಿಗೆ ಕಾಯಿಲೆ ಬರುತ್ತಂತೆ," ಎಂದು ಅವಳು ಟವೆಲ್ ಎತ್ತಿಕೊಂಡಳು. "ನಾನು ಹೊರಟೆ. ಬರೋದಾದ್ರೆ ಬಾ."

ವೀಬೆ ಟಬ್ ಪಕ್ಕ ಕುಕ್ಕರಗಾಲಲ್ಲಿ ಕೂತ. "ತಪ್ಪು ನಂದೇ ಕಣೋ," ಎಂದ. ಮೇಯರ್ ಎಂದಿನಂತೆ ಹತ್ತಿರ ಬಂದು ಗಂಭೀರವಾಗಿ ಕೇಳಿಸಿಕೊಂಡಿತು. ಆಮೇಲೆ ಒಂಬತ್ತು ವರ್ಷದಲ್ಲಿ ಮೊದಲ ಸಲ ಏನೋ ಮಾಡಿತು: ಊಟಕ್ಕೆಂದು ಕ್ಲಿಪ್ಪಿಗೆ ಸಿಕ್ಕಿಸಿದ್ದ ಕಡಲಪಾಚಿಯ ತುದಿಯನ್ನು ಕಚ್ಚಿತು. ಇನ್ನೊಮ್ಮೆ ಕಚ್ಚಿತು. ವೀಬೆ ಅದೇ ಕೆಸರುಬಟ್ಟೆಯಲ್ಲಿ, ಕಣ್ಣೊರೆಸಿಕೊಂಡ ಟವೆಲ್, ಯಾನ್ಕೆ ಬಿಟ್ಟುಹೋದ ಫೋನ್ ಹಿಡಿದು ಭಾಮೈದನ ಮನೆಗೆ ನಡೆದ.

ಡೌವೆ ಬಾಗಿಲಿಗೆ ಅಡ್ಡ ನಿಂತ. ವೀಬೆ ಫೋನ್ ಮುಂದೆ ಚಾಚಿ ಫೋಟೋ ತೋರಿಸಿದ. ಡೌವೆ ಫೋಟೋ ನೋಡಿದ, ಟವೆಲ್ ನೋಡಿದ, ಮೂಗು ಸಿಂಡರಿಸಿದ.

"ಹೊಸದಾಗಿ ಬಂದೋರನ್ನ ನೇರವಾಗಿ ಒಳಗೆ ಬಿಡೋ ಹಾಗಿಲ್ಲ ಭಾವ. ಮೊದಲು ಬೇರೆ ಟಬ್‌ನಲ್ಲಿರಬೇಕು. ನಿಯಮ ನಿಂದೇ."

ಹಿತ್ತಲಲ್ಲಿ ಟೊಮೇಟೊ ಬೆಳೆಯುವ ಗಾಜಿನ ಮನೆ. ಒಳಗೊಂದು ಟಬ್. ಡೌವೆ ಪುಣ್ಯಕ್ಕೆ ನಾಲ್ಕು ಬಕೆಟ್ ಬಿಸಿನೀರು ಸುರಿದು ಹೋದ.

ವೀಬೆ ಕುತ್ತಿಗೆವರೆಗೆ ಮುಳುಗಿ ಕೂತ. ಗಾಜಿನಾಚೆ ಡೌವೆ, ತಲೆಗೆ ಟವೆಲ್ ಸುತ್ತಿದ ಯಾನ್ಕೆ, ಇಬ್ಬರೂ ಕಾಫಿ ಕಪ್ ಹಿಡಿದು ಬಗ್ಗಿ ಒಳಗೆ ನೋಡುತ್ತಿದ್ದರು. ಈಗ ಹೇಳಬೇಕು ಎಂದುಕೊಂಡ. "ತಪ್ಪಾಯ್ತು ಡೌವೆ," ಎಂದ. ದಪ್ಪ ಗಾಜು. ಅವರಿಗೆ ಕಂಡದ್ದು ಬಾಯಿ ತೆರೆದದ್ದು, ಮುಚ್ಚಿದ್ದು. ಇನ್ನೊಮ್ಮೆ ಹೇಳಿದ. ತೆರೆಯಿತು, ಮುಚ್ಚಿತು.

"ಅಕ್ಕಾ, ಇದಕ್ಕೆ ಹಸಿವಾಗಿದೆ ಅನ್ಸುತ್ತೆ," ಎಂದ ಡೌವೆ.

ಮೇಲಿನ ಕಿಂಡಿ ತೆರೆದು ಡಬ್ಬಿಯಿಂದ ಬಿಸ್ಕತ್ತು ಇಳಿಬಿಟ್ಟ. ವೀಬೆ ಹಿಡಿದು ತಿಂದು, ಇನ್ನೊಂದಕ್ಕೆ ಕೈ ಚಾಚಿದ.

ಡೌವೆ ಡಬ್ಬಿ ಮುಚ್ಚಿದ. "ಒಂದೇ. ಜಾಸ್ತಿ ಹಾಕಿದ್ರೆ ನೀರು ಕೆಡುತ್ತೆ."