ಅವಸರದವನ ಆರ್ಕಿಡ್

ಸುಮ್ಮನೆ ಕೂರುವುದು ಒಂದು ವಿದ್ಯೆ ಎನ್ನುವುದಾದರೆ ನಾನು ಅದರಲ್ಲಿ ಅಕ್ಷರಾಭ್ಯಾಸವೂ ಆಗದವನು. ಒಲೆಯ ಮೇಲಿನ ಹಾಲಿನ ಮುಚ್ಚಳ ತೆಗೆದು ತೆಗೆದು ನೋಡುವವನು, ಒಣಹಾಕಿದ ಅಂಗಿಯನ್ನು ಗಳಿಗೆಗೊಮ್ಮೆ ಮುಟ್ಟಿ ಬರುವವನು. ನಿಜಾಮರ ಆಳಿಕೆಯ ಕೊನೆಗಾಲದಲ್ಲಿ, ಕೊಪ್ಪಳದಲ್ಲಿ ಸಾಲೆ ಮಾಸ್ತರನಾಗಿದ್ದಾಗ ಇಂಥ ನನ್ನ ಕೈಗೆ ಒಂದು ಆರ್ಕಿಡ್ ಗಿಡ ಬಿತ್ತು.

ಆ ವರ್ಷ ಚಳಿ ಮುಗಿಯುವ ಹೊತ್ತಿಗೆ ನನ್ನ ಹೆಂಡತಿ ನೀಲಮ್ಮ ಮಾಳಿಗೆಯ ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡಳು. ನಾಟಿ ವೈದ್ಯರು ಬಿದಿರಿನ ದಬ್ಬೆ ಕಟ್ಟಿ, ಮೂರು ತಿಂಗಳು ಏಳಕೂಡದೆಂದರು. ಪಡಸಾಲೆಯ ಕಿಟಕಿಯ ಪಕ್ಕ ಮಲಗಿದವಳಿಗೆ ಕಾಣುತ್ತಿದ್ದುದು ಎದುರು ಮನೆಯ ಬೋಳು ಗೋಡೆ ಮಾತ್ರ. "ಗ್ವಾಡಿ ನೋಡಿ ನೋಡಿ ಸಾಕಾತ್ರೀ. ತಹಶೀಲ್ದಾರರ ಬಂಗ್ಲೆದಾಗ ಮಣ್ಣಿಲ್ದಂಗ ಬೆಳಿಯೋ ಹೂವಿನ ಗಿಡ ತೂಗಬಿಟ್ಟಾರಲ್ಲ, ಅಂಥಾದ್ದೊಂದು ಇಲ್ಲಿ ಇದ್ದಿದ್ರ ಭಾಳ ಛಲೋ ಇರ್ತಿತ್ತು" ಎಂದಳು. ಮದುವೆಯಾದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಆವತ್ತೇ ಶಿರಸಿಯಲ್ಲಿದ್ದ ಗೆಳೆಯನಿಗೆ ಕಾಗದ ಬರೆದೆ. ಗೊಂಚಲು ಉದ್ದವಿರಬೇಕು ಎಂಬುದೊಂದೇ ನನ್ನ ಷರತ್ತು. ಅವನು ಬುಟ್ಟಿಯಲ್ಲಿ ಸೀತಾಳೆ ದಂಡೆ ಎಂಬ ಮಲೆನಾಡಿನ ಆರ್ಕಿಡ್ ಕಳಿಸಿದ. ಬೆಳಿಗ್ಗೆ ಅದನ್ನು ಕಿಟಕಿಗೆ ಕಟ್ಟಿದೆ, ಮಧ್ಯಾಹ್ನ ಬಚ್ಚಲ ಬಾಗಿಲಿಗೆ, ಸಂಜೆ ಹಿತ್ತಲ ಬೇವಿಗೆ. ನಮ್ಮೂರ ಬಿಸಿಲಿಗೆ ಹೆದರಿ ದಿನಕ್ಕೆ ಆರು ಸಲ ನೀರೆರೆದೆ. ಸಾಲದೆಂದು ಒದ್ದೆ ಗೋಣಿ ಸುತ್ತಿದೆ. ಉಸಿರು ಕಟ್ಟೀತೆಂದು ಬಿಚ್ಚಿದೆ. ಇಪ್ಪತ್ತು ದಿನಕ್ಕೆ ಬುಡ ಕೊಳೆತು, ಮತ್ತೆ ಕಿಟಕಿಗೆ ಕಟ್ಟಿದಾಗ ಎಲೆಗಳು ಒಂದೊಂದಾಗಿ ನೀಲಮ್ಮನ ಹಾಸಿಗೆಯ ಮೇಲೆ ಉದುರಿದವು. ಅವಳು ಮುಖ ತಿರುಗಿಸಿ ಮಲಗಿದಳು. ನಾಲ್ಕು ಮಾತು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಸತ್ತ ಗಿಡವನ್ನೆತ್ತಿಕೊಂಡು ಬಂಗಲೆಯ ಮಾಲಿ ಖಾಸಿಂಸಾಬರ ಬಳಿಗೆ ಓಡಿದೆ. ಅವರು ಬೇರು ಹಿಸುಕಿ ನೋಡಿ, "ಮಾಸ್ತರ್ರ, ತಂಪು ಸೀಮಿದನ್ನ ನಮ್ಮ ಬಿಸಿಲಿಗೆ ತಂದದ್ದು ಒಂದು ತಪ್ಪು. ನಿಮ್ಮ ಕೈಯಾಗ ಕೊಟ್ಟದ್ದು ಇನ್ನೊಂದು" ಎಂದರು. "ಮೊದಲ್ನೇ ಸಲ ಸಾಕಾವರು ಹೂವು ನೋಡಿ ಆರಿಸಬಾರದ್ರಿ. ನಿಮ್ಮ ಮನಿ ಬಿಸಿಲು ನೋಡ್ರಿ, ಗಾಳಿ ನೋಡ್ರಿ. ಮರಳಿ ಊರ ಕಡೆ ಮಾವಿನ ಗಿಡದ ಮ್ಯಾಲ ಒಂದು ಜಾತಿ ಐತಿ. ಎಲಿ ದಪ್ಪ, ಬೇರು ದಪ್ಪ. ಹೂವು ಸಣ್ಣದು, ಆದ್ರ ಲಗೂನ ಸಾಯಂಗಿಲ್ಲ."

"ಯಾವಾಗ ಹೂ ಬಿಡತೈತ್ರಿ?"

"ಅದಕ್ಕ ತಿಳಿದಾಗ."

ಮರುದಿನವೇ ಮರಳಿಯಲ್ಲಿದ್ದೆ. ತೋಟದ ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಗಿಡದ ರಸ ಹೀರೋ ಬದನಿಕಿ ಒಯ್ಯಾಕ ಕೊಪ್ಪಳದಿಂದ ಬಂದೀರೇನ್ರಿ? ಎಲ್ಲಾ ಒಯ್ರಿ, ಗಿಡ ಹಗುರಾಗ್ಲಿ!" ತೊಗಟೆಯ ಸಮೇತ ಒಂದೇ ಒಂದು ಬಿಡಿಸಿ ತಂದು ಕಿಟಕಿಗೆ ಕಟ್ಟಿದೆ. ತಿಂಗಳೊಪ್ಪತ್ತಿನಲ್ಲಿ ಮೊಗ್ಗಿನ ಕಡ್ಡಿ ಇಣುಕಿತು. ನೀಲಮ್ಮ ಬೆಳಿಗ್ಗೆ ಎದ್ದವಳೇ ಮೊಗ್ಗು ಎಣಿಸತೊಡಗಿದಳು. ಏಳು. ಒಳಗೆ ಯಾವ ಬಣ್ಣವಿದೆಯೋ ಎಂಬ ತಳಮಳ ತಾಳಲಾರದೆ ನಾನು ಒಂದನ್ನು ಉಗುರಿನಿಂದ ಬಿಡಿಸಿ ನೋಡಿಬಿಟ್ಟೆ. ಆರು.

ಆವತ್ತೇ ಮಧ್ಯಾಹ್ನ ಅವಳು ಗಂಭೀರವಾಗಿ ಹೇಳಿದಳು: "ರೀ, ಕಾಲು ನೆಟ್ಟಗಾಗ್ಲಿ ಅಂತ ಹೊಳಿ ದಂಡಿ ಹುಲಿಗೆಮ್ಮಗ ಬೇಡಿಕೊಂಡೀನಿ. ನೀವು ಎಂಟು ದಿನ ಅಲ್ಲೇ ಇದ್ದು ಸೇವಾ ಮಾಡಿ ಬರ್ರಿ. ಇಲ್ಲಿ ನೋಡ್ಕೊಳ್ಳಾಕ ನಮ್ಮಕ್ಕ ಬಂದಾಳಲ್ಲ."

ಸಾಲೆಗೆ ರಜೆ ಇತ್ತು, ಹೋದೆ. ದಿನಕ್ಕೆ ಮೂರು ಸಲ ಹೊಳೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲೇ ಗುಡಿ ಸುತ್ತಿದೆ. ಪೂಜಾರಿ ಕನಿಕರದಿಂದ, "ಸ್ವಲ್ಪ ಕುಂದರ್ರಿ ಮಾಸ್ತರ್ರ, ನೋಡಿ ನೋಡಿ ದೇವಿನೂ ದಣಿತಾಳ" ಎಂದರು.

ಒಂಬತ್ತನೆಯ ದಿನ ಮನೆಗೆ ಬಂದಾಗ ಆರೂ ಹೂಗಳು ಅರಳಿದ್ದವು. ಕಂದು ಎಸಳು, ನಡುವೆ ನೇರಳೆ ನಾಲಿಗೆ, ಸಣ್ಣನೆಯ ಪರಿಮಳ. ಪಕ್ಕದಲ್ಲಿ ಕಿಟಕಿಯ ಸರಳು ಹಿಡಿದು ನೀಲಮ್ಮ ನಿಂತಿದ್ದಳು. ನಾನು ಹೂವಿನತ್ತ ಕೈ ಚಾಚಿದೆ. "ಹರಕಿ ಫಲಿಸ್ತು" ಎಂದೆ.

ಅವಳು ನಕ್ಕಳು. "ಯಾವ ಹರಕಿ ರೀ? ನಾ ಏನೂ ಬೇಡಿಕೊಂಡಿದ್ದಿಲ್ಲ. ನೀವು ಗಿಡದ ಮೊಗ್ಗೂ ಬಿಚ್ಚಿ ನೋಡ್ತೀರಿ, ನನ್ನ ಕಾಲಿನ ದಬ್ಬಿನೂ ಬಿಚ್ಚಿ ನೋಡ್ತೀರಿ. ಎರಡೂ ಉಳೀಲಿ ಅಂತ ಕಳಿಸಿದ್ದೆ."

ನಾನು ಹೂವಿನತ್ತ ಚಾಚಿದ್ದ ಕೈಯನ್ನು ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡು, ಬೇರೆ ಯಾವ ದೇವರಿಗಾದರೂ ಹೋಗಿ ಬರುವುದಿದೆಯೇ ಎಂದು ಕೇಳಿದೆ.