ತೆಗೆದಿಟ್ಟ ಪಟ್ಟಿ

ಸುಲ್ತಾನಾ ಎರಡೇ ಬೆರಳಿನಲ್ಲಿ ಟೈಪು ಮಾಡುತ್ತಾಳೆಂಬುದು ಕುರುಗೋಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದಂತೆ ಕಾಪಾಡಿದ್ದು ಟೈಪಿಂಗ್ ಅಂಗಡಿಯ ಹಳೆಯ ಕಂಪ್ಯೂಟರು. ಅವಳು ಒಂದು ಅಕ್ಷರ ಹುಡುಕುವಷ್ಟರಲ್ಲಿ ಅದು ಹಿಂದಿನ ಅಕ್ಷರವನ್ನು ತೋರಿಸಲು ಇನ್ನೂ ಒದ್ದಾಡುತ್ತಿರುತ್ತಿತ್ತು. ಹೀಗೆ ಒಬ್ಬರ ಮಾನ ಒಬ್ಬರು ಮುಚ್ಚಿಕೊಂಡು ಇಬ್ಬರೂ ಮೂರು ತಿಂಗಳಲ್ಲಿ ಲಾರಿ ಮಾಲೀಕರ ಸಂಘದ ಸದಸ್ಯರ ಪಟ್ಟಿಯನ್ನು ಮುಗಿಸಿದ್ದರು. ಸಾವಿರದ ಇನ್ನೂರು ಹೆಸರು. ಅದಿರಿನ ಕಾಲ, ನಿನ್ನೆ ಸೈಕಲ್ ತುಳಿಯುತ್ತಿದ್ದವನೂ ಇವತ್ತು ಲಾರಿ ಮಾಲೀಕ.

ಭಾನುವಾರ ಕಂಪ್ಯೂಟರು ಪೂರ್ತಿ ಮಲಗಿತು. ಬಳ್ಳಾರಿಯಿಂದ ಬಂದ ರಿಪೇರಿಯ ಶಾಕೀರ್ ಫೈಲುಗಳನ್ನಷ್ಟೇ ಉಳಿಸಿ, ವಿಂಡೋಸ್ ಅಳಿಸಿ ಲಿನಕ್ಸ್ ಹಾಕಿದ. “ಇನ್ನ ಗಾಳಿ ಹಂಗ ಓಡ್ತೈತಿ, ಆಪಾ” ಎಂದು ಹೇಳಿ ಹೋದ.

ಸೋಮವಾರ ಬೆಳಿಗ್ಗೆ ಸುಲ್ತಾನಾ ಗುಂಡಿ ಒತ್ತಿ, ಕಸ ಹೊಡೆದು, ನೀರು ತುಂಬಿಟ್ಟು ಬಂದಾಗಲೂ ಪರದೆ ಕಪ್ಪಗೇ ಇತ್ತು. ಮಾಲೀಕ ಚನ್ನಬಸವರಾಜ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

“ಇವತ್ತ ನಾಕಕ್ಕ ಸಂಘದ ಅಧ್ಯಕ್ಷರನ್ನ ಕರಕೊಂಡು ಬರ್ತೀನಿ. ಅವರ ಮುಂದ ಇದು ಹಿಂಗ ತೂಕಡಿಸಿತಂದ್ರ ನಾಳಿಂದ ಅಂಗಡ್ಯಾಗ ಜೆರಾಕ್ಸ್ ಮಿಷನ್ ಒಂದ ಸಾಕು. ಇದೂ ಬ್ಯಾಡ, ನೀನೂ ಬ್ಯಾಡ.”

ಸುಲ್ತಾನಾ ವರ್ಷವಿಡೀ ಹಟ ಮಾಡಿ ಅಬ್ಬಾನನ್ನು ಒಪ್ಪಿಸಿ ಹಿಡಿದ ಕೆಲಸ. ಇದು ಹೋದರೆ ಸಿರುಗುಪ್ಪದ ಅಕ್ಕಿ ಗಿರಣಿಯವರು ಹೆಣ್ಣು ನೋಡಲು ಬರುವುದು ಖಾತ್ರಿ.

ಪಕ್ಕದಲ್ಲಿ ಮಂಡಕ್ಕಿಯ ಒಗ್ಗಾಣಿ, ಮಿರ್ಚಿ ಮಾರುವ ಎರ್ರಮ್ಮ ಒಳಗೆ ಇಣುಕಿದಳು. “ದೃಷ್ಟಿ ಆಗೇತಿ ಯವ್ವಾ, ಬ್ಯಾರೆ ಏನಿಲ್ಲ.” ಬೇಡವೆನ್ನುವಷ್ಟರಲ್ಲಿ ಉಪ್ಪು ನಿವಾಳಿಸಿದಳು. ಅರ್ಧ ಉಪ್ಪು ಕೀಬೋರ್ಡಿನ ಸಂದಿಗೆ ಇಳಿಯಿತು.

“ಉಪ್ಪಿಗೆ ಹೋಗೋ ದೃಷ್ಟಿ ಅಲ್ಲಬೇ ಇದು. ಧೂಳು!” ಎಂದು ಎದುರಿನ ಟೈಲರ್ ಸುಂಕಣ್ಣ ಸೈಕಲ್ ಪಂಪ್ ಹಿಡಿದು ಬಂದ. ಕಂಪ್ಯೂಟರಿನ ಡಬ್ಬಿ ಬಿಚ್ಚಿ ಗಾಳಿ ಹೊಡೆದ. ಒಳಗೆ ಸೇರಿದ್ದ ಅದಿರಿನ ಕೆಂಪು ಧೂಳು ಎದ್ದು, ಮೂವರೂ ಗಣಿಯಿಂದ ಈಗಷ್ಟೇ ಮೇಲೆ ಬಂದವರಂತಾದರು. ಎರ್ರಮ್ಮನ ಒಗ್ಗಾಣಿಯ ಬಣ್ಣವೂ ತಿರುಗಿತು.

“ಇದನ್ನ ಯಾರು ತಿಂತಾರಲೇ, ನಿಮ್ಮಪ್ಪ?”

“ಖಾರ ಹಾಕೀನಿ ಅನ್ನು, ಹೋಗ್ತೈತಿ.”

ಅವರ ಜಗಳದ ನಡುವೆಯೇ ಸುಲ್ತಾನಾ ಶಾಕೀರ್‌ಗೆ ಫೋನು ಮಾಡಿದಳು. “ಆಪಾ, ಅದರ ಎದಿ ಸಣ್ಣದು, ಭಾರ ತಡಿಯಂಗಿಲ್ಲ. ಚಿತ್ರ ತೆಗೀರಿ, ಆಟ ತೆಗೀರಿ, ಬ್ಯಾಡಾದ್ದೆಲ್ಲ ತೆಗೀರಿ. ಕಡೀಗೆ ಕಸದ ಬುಟ್ಟಿ ಖಾಲಿ ಮಾಡ್ರಿ.”

ಕೊನೆಗೂ ಪರದೆ ಬೆಳಗಿದಾಗ ಅವಳು ತೆಗೆಯುತ್ತಾ ಹೋದಳು. ಪರದೆಯ ಮೇಲಿನ ಜಲಪಾತ ಹೋಯಿತು. ಮಾಲೀಕನ ಇಸ್ಪೀಟಾಟ ಹೋಯಿತು. ಒಂದೊಂದು ಹೋದಂತೆಲ್ಲ ಕಂಪ್ಯೂಟರು ಹಗುರಾಗಿ ಉಸಿರಾಡುತ್ತಿದೆ ಅನ್ನಿಸಿತು. ಮೂರು ಗಂಟೆಗೆ ಮಾಲೀಕನ ಫೋನು ಬಂತು.

“ಸುಲ್ತಾನಾ, ನಾವು ಹೊಂಟ್ವಿ. ಆ ಸಂಘದ ಪಟ್ಟಿ ತೆಗಿ.”

ಸುಲ್ತಾನಾ ಮಾತಿನಲ್ಲಿ ಜಾಗರೂಕಳು. ಒಂದಕ್ಕೆ ಎರಡು ಸಲ ಕೇಳಿ ಖಚಿತ ಮಾಡಿಕೊಳ್ಳುವುದು ಅವಳ ರೂಢಿ. “ಪಟ್ಟೀನೂ ತೆಗೀಲೇನ್ರಿ, ಅಣ್ಣಾರ?”

“ಮತ್ತ? ಅದನ್ನ ತೆಗೀದ ಇನ್ನೇನ್ ತೆಗೀತಿ?”

“ಪೂರ್ತಿ ತೆಗೀಲ್ರಿ?”

“ಪೂರ್ತಿ ತೆಗಿಯವ್ವಾ! ನಾವು ಬರೋದ್ರಾಗ ತೆಗದಿರಬೇಕು. ಅಧ್ಯಕ್ಷರಿಗೆ ಕಾಯೋ ಅಭ್ಯಾಸ ಇಲ್ಲ.”

ಮೂರು ತಿಂಗಳ ದುಡಿಮೆ. ಆದರೆ ಮಾಲೀಕರು ಮೂರು ಸಲ ಹೇಳಿದ್ದಾರೆ. ಅವಳು ಪಟ್ಟಿಯನ್ನು ತೆಗೆದಳು. ಬುಟ್ಟಿಯನ್ನೂ ಖಾಲಿ ಮಾಡಿದಳು.

ನಾಲ್ಕಕ್ಕೆ ಅಧ್ಯಕ್ಷ ಕೊಟ್ಟೂರಪ್ಪ ಬಂದು ಕುಳಿತ. ಸುಲ್ತಾನಾ ಗುಂಡಿ ಒತ್ತಿದಳು. ಆತ ಬಾಯಿಗೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಪರದೆ ಬೆಳಗಿತು.

“ಭಪ್ಪರೇ! ಇದು ನಮ್ಮ ಹೊಸ ಲಾರಿಗಿಂತ ಜಲ್ದಿ ಚಾಲೂ ಆತಲ್ಲೋ!”

ಚನ್ನಬಸವರಾಜ ಉಬ್ಬಿಹೋದ. “ಪಟ್ಟಿ ತೋರಿಸವಾ.”

“ತೆಗದೀನ್ರಿ.”

“ಎಲ್ಲೈತಿ?”

“ತೆಗದೀನ್ರಿ, ಅಣ್ಣಾರ. ಪೂರ್ತಿ.”

ಚನ್ನಬಸವರಾಜ ತಲೆಯ ಮೇಲೆ ಕೈಹೊತ್ತು ನೆಲಕ್ಕೆ ಕುಸಿದ. “ತೆಗಿ ಅಂದ್ರ ತೆರಿ ಅಂತವ್ವಾ! ಬಾಗಲಾ ತೆಗಿ ಅಂದ್ರ ಬಾಗಲಾ ಕಿತ್ತು ಒಗೀತಿಯೇನು?”

ಕೊಟ್ಟೂರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ತೆಗಿ ಅಂತ ಹೇಳಿದಾವ ನೀನ. ಲಾರ್‍ಯಾಗ ಬಾಜೂಕ ಕುಂತು ನಾನ ಕೇಳೀನಿ. ಹುಡುಗೀದೇನು ತಪ್ಪು? ಆಕಿನ್ನ ಕೆಲಸದಿಂದ ತೆಗಿಬ್ಯಾಡ.”

ಸುಲ್ತಾನಾಳಿಗೆ ಜೀವ ಬಂತು. ಕೆಲಸ ಉಳಿಯಿತು. ಸಂಘದವರು ಕೊಟ್ಟಿದ್ದ ಪಟ್ಟಿಯ ಕೈಬರಹದ ಹಾಳೆಗಳೂ ಕಪಾಟಿನಲ್ಲಿದ್ದವು. ಕೊಟ್ಟೂರಪ್ಪ ಏಳುತ್ತಾ ಕಂಪ್ಯೂಟರಿನ ಬೆನ್ನು ತಟ್ಟಿದ.

“ಮೂರು ತಿಂಗಳು ಹಿಡಿದಿದ್ದು ಇದು ನಿಧಾನ ಇತ್ತಂತ ಅಲ್ಲೇನವಾ? ಈಗಂತೂ ಕುದುರಿ ಆಗೇತಿ. ನಾಡಿದ್ದು ಮುಂಜಾನಿ ಬರ್ತೀನಿ. ಇಲ್ಲೇ ಬಾಜೂಕ ಕುಂತು, ನೀ ಹೊಡಿಯೋದು ನೋಡಿಕೊಂಡ ಪಟ್ಟಿ ಒಯ್ತೀನಿ.”

ಅವರು ಹೋದರು. ಸುಲ್ತಾನಾ ಮೊದಲ ಹಾಳೆ ಬಿಡಿಸಿ, ಒಂದು ಬೆರಳಿನಿಂದ ‘ಅ’ ಒತ್ತಿದಳು. ಅಕ್ಷರ ತಟ್ಟನೆ ಮೂಡಿತು. ಇನ್ನೊಂದು ಬೆರಳು ‘ಬ’ ಎಲ್ಲಿದೆಯೆಂದು ಹುಡುಕತೊಡಗಿತು. ಪರದೆಯ ಮೇಲೆ ಸಣ್ಣ ಗೆರೆಯೊಂದು ಮಿನುಗುತ್ತಿತ್ತು, ಆರುತ್ತಿತ್ತು, ಮತ್ತೆ ಮಿನುಗುತ್ತಿತ್ತು.

ಮೂರು ತಿಂಗಳಲ್ಲಿ ಮೊದಲ ಸಲ ಕಂಪ್ಯೂಟರು ಅವಳಿಗಾಗಿ ಕಾಯುತ್ತಿತ್ತು.