ಬಾಗಿಲಿಗೆ ಎಣ್ಣೆ ಬಿದ್ದ ದಿನ

"ನಾಳೆ ಹತ್ತು ಗಂಟೆಗೆ ಬರಲಿ ಆ ಮ್ಯೂಸಿಯಮ್ ಹುಡುಗಿ! ಕಂಪ್ಯೂಟರ್ ಬೇಡ, ಕತ್ತಲೆ ಬೇಡ, ಬಣ್ಣದ ರಕ್ತ ಬೇಡ. ಹಾಡುಹಗಲಲ್ಲಿ, ಬರೀ ಸದ್ದಿನಿಂದ ಅವಳ ಮೈ ನಡುಗಿಸ್ದೆ ಇದ್ರೆ ನಾನು ಕಿರ್ರಣ್ಣನೇ ಅಲ್ಲ!"

"ಮೊದ್ಲು ಆ ಬನೀನು ಬದಲಾಯ್ಸಿ. ಅದನ್ನ ನೋಡಿದ್ರೇ ನಡುಗ್ತಾಳೆ," ಅಂದಳು ಹೆಂಡತಿ.

ಕಿರ್ರಣ್ಣ ಅನ್ನುವುದು ಸ್ಟುಡಿಯೋದವರು ಇಟ್ಟ ಹೆಸರು. ದೆವ್ವದ ಸಿನಿಮಾಗಳಿಗೆ ಸದ್ದು ಕೂಡಿಸುವುದು ಅವನ ಕಸುಬು. ಪರದೆಯ ಮೇಲೆ ಯಾರದೋ ಮೂಳೆ ಮುರಿದರೆ ಇವನು ಮೈಕಿನ ಮುಂದೆ ಕ್ಯಾರೆಟ್ ಮುರಿಯುತ್ತಿದ್ದ. ರಕ್ತ ತೊಟ್ಟಿಕ್ಕಿದರೆ ಒದ್ದೆ ಬಟ್ಟೆ ಹಿಂಡುತ್ತಿದ್ದ. ಆದರೆ ಅವನಿಗೆ ಈ ಹೆಸರು ತಂದದ್ದು ಅವನ ಮನೆಯ ಸ್ಟೋರ್ ರೂಮಿನ ಬಾಗಿಲು. ಅದರ ಕಿರ್ರ್ ಸದ್ದು ಎಂಬತ್ತೊಂದು ಸಿನಿಮಾಗಳಲ್ಲಿ ಕೇಳಿಸಿದೆ. ಅವನ ಹೆಸರು ಮಾತ್ರ ಒಂದರಲ್ಲೂ ಕಾಣಿಸಿಲ್ಲ. "ಮತ್ತು ಇತರರು" ಅಂತ ಕೊನೆಗೆ ಬರುತ್ತದಲ್ಲ, ಆ ಇತರರಲ್ಲಿ ಇವನೊಬ್ಬ. ನಲವತ್ತು ವರ್ಷ ಇತರನಾಗಿ ಬದುಕುವುದೆಂದರೆ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡ ಹಾಗೇ.

ಈಗ ಸಿನಿಮಾ ಮ್ಯೂಸಿಯಮ್ಮಿನವರು ಭಯಾನಕ ಚಿತ್ರಗಳು ಬೆಳೆದು ಬಂದ ದಾರಿಯ ಬಗ್ಗೆ ಒಂದು ಪ್ರದರ್ಶನ ಮಾಡುತ್ತಿದ್ದಾರೆ. ಕಿರ್ರಣ್ಣ ತನ್ನ ಹಳೆಯ ಟೇಪುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ, ಕೇಳದೆ ನೋಡದೆ ಕಳಿಸಿಕೊಟ್ಟಿದ್ದ. ಅಲ್ಲಿಂದ ಫೋನ್ ಬಂತು: "ಸರ್, ನಿಮ್ಮ ಹೆಸರಲ್ಲೇ ಒಂದು ಫಲಕ ಹಾಕ್ತೀವಿ." ಅವತ್ತಿನಿಂದ ಅವನ ಕಾಲು ನೆಲಕ್ಕೆ ತಾಗಿಲ್ಲ.

"ಕೇಳಿಲ್ಲಿ," ಅಂದ ಹೆಂಡತಿಗೆ. "ಮೊದ್ಲು ಕಣ್ಣಿನ ಕಾಲ. ಮೂಕಿ ಚಿತ್ರ. ಗೋಡೆ ಮೇಲೆ ಉದ್ದ ಉಗುರಿನ ನೆರಳು ಬಿದ್ರೆ ಸಾಕು, ಜನ ಕುರ್ಚಿ ಬಿಟ್ಟು ಏಳ್ತಿದ್ರು. ಆಮೇಲೆ ಕಿವಿ ಕಾಲ. ಮಾತು ಬಂತು, ಬಾಗಿಲು ಬಂತು, ನಾನು ಬಂದೆ! ಆಮೇಲೆ ಬಣ್ಣ, ಬಕೆಟ್‌ಗಟ್ಟಲೆ ರಕ್ತ. ಆಮೇಲೆ ರಬ್ಬರ್ ಮುಖ. ಈಗ ಕಂಪ್ಯೂಟರ್ ದೆವ್ವ, ಅದಕ್ಕೆ ಮಕ್ಕಳೂ ಹೆದರಲ್ಲ."

"ಇದ್ರಲ್ಲಿ ಬಾಗಿಲಿಗೆ ಎಣ್ಣೆ ಹಾಕೋ ಕಾಲ ಯಾವಾಗ ಬರತ್ತೆ?"

"ನನ್ನ ಹೆಣ ಬಿದ್ದ ಮೇಲೆ!"

ಪಾಪ, ಅವಳು ಕೇಳುತ್ತಿರುವುದು ಇಪ್ಪತ್ತಾರು ವರ್ಷದಿಂದ. ಆ ಬಾಗಿಲು ಬಿಗಿಯಾಗಿ ನಿಂತು, ಒಮ್ಮೆಲೇ ಧಡಾರ್ ಅಂತ ಮುಚ್ಚಿಕೊಳ್ಳುವ ಜಾತಿಯದು. ಅವಳ ಎಡಗೈ ಕಿರುಬೆರಳು ಅದಕ್ಕೇ ಸಿಕ್ಕಿ ಶಾಶ್ವತವಾಗಿ ಸೊಟ್ಟಗಾಗಿದೆ. ಅವತ್ತು ಕಿರ್ರಣ್ಣ ಹೆಡ್‌ಫೋನ್ ಹಾಕಿಕೊಂಡು ಬಾಗಿಲ ಸದ್ದು ರೆಕಾರ್ಡ್ ಮಾಡುತ್ತಿದ್ದನಂತೆ, ಅವಳು ಕೂಗಿದ್ದು ಅವನಿಗೆ ಕೇಳಿಸಲೇ ಇಲ್ಲವಂತೆ. ಗಂಡ ಹೇಳಿದ್ದನ್ನು ಅವಳು ನಂಬಿದಳು. ನಂಬಿಕೊಂಡೇ ಸೊಟ್ಟ ಬೆರಳಲ್ಲಿ ಅವನ ಅಂಗಿಗಳಿಗೆ ಗುಂಡಿ ಹೊಲಿದಳು.

ಬೆಳಿಗ್ಗೆ ಒಂಬತ್ತಕ್ಕೆ ಇಸ್ತ್ರಿ ಅಂಗಿ ತೊಟ್ಟು, ಒಂದು ಸಲ ಅಭ್ಯಾಸ ಮಾಡೋಣ ಅಂತ ಕಿರ್ರಣ್ಣ ರಾಜಗಾಂಭೀರ್ಯದಿಂದ ಬಾಗಿಲು ತಳ್ಳಿದ. ಸದ್ದೇ ಇಲ್ಲ! ಮತ್ತೆ ತಳ್ಳಿದ. ಬಾಗಿಲು ಬೆಣ್ಣೆಯ ಹಾಗೆ ಜಾರಿತು.

"ಏನೇ ಮಾಡ್ದೆ ಇದಕ್ಕೆ?"

"ಹೊರಗಿನವ್ರು ಬರ್ತಾರಲ್ಲ, ಮರ್ಯಾದೆ ಇರ್ಲಿ ಅಂತ ಹೊಲಿಗೆ ಮಿಷಿನ್ ಎಣ್ಣೆ ಬಿಟ್ಟೆ. ಒಂದೇ ತೊಟ್ಟು."

"ಒಂದೇ ತೊಟ್ಟು! ನನ್ನ ನಲವತ್ತು ವರ್ಷ ಕೊಂದ್ಯಲ್ಲೇ!"

ಶುರುವಾಯಿತು ಯುದ್ಧ. ಕಿರ್ರಣ್ಣ ಕೀಲನ್ನು ಬಟ್ಟೆಯಲ್ಲಿ ಒರೆಸಿದ. ಸೋಪಿನ ನೀರು ಹಾಕಿ ತೊಳೆದ. ಉಪ್ಪು ತುಂಬಿದ. ಹೂವಿನ ಕುಂಡದ ಮಣ್ಣು ತಂದು ಮೆತ್ತಿದ. ಬಾಗಿಲು ಮುನಿಸಿಕೊಂಡವರ ಹಾಗೆ ತುಟಿ ಬಿಚ್ಚಲಿಲ್ಲ. ಕೊನೆಗೆ ಸುತ್ತಿಗೆ ತಂದು ಕೀಲಿನ ಮೊಳೆಯನ್ನೇ ಎಬ್ಬಿಸಿದ. ಬಾಗಿಲು ಪೂರ್ತಿ ಕಳಚಿ ಅವನ ಕಾಲಿನ ಹೆಬ್ಬೆರಳಿನ ಮೇಲೆ ಕೂತಿತು. "ಅಯ್ಯಯ್ಯೋ!" ಅಂತ ಅರಚಿದ. ಹೆಂಡತಿ ಕೈಯಲ್ಲಿದ್ದ ಪಾತ್ರೆ ಬಿಟ್ಟು ಓಡಿಬಂದು ಎರಡೂ ಕೈಯಲ್ಲಿ ಬಾಗಿಲೆತ್ತಿದಳು. ಅಷ್ಟರಲ್ಲಿ ಕಾಲಿಂಗ್ ಬೆಲ್ ಆಯಿತು.

ಮ್ಯೂಸಿಯಮ್ಮಿನ ಹುಡುಗಿ ಒಳಗೆ ಬಂದಾಗ ಇತಿಹಾಸಪುರುಷ ಒಂದು ಕಾಲನ್ನು ಬಕೆಟ್ ನೀರಿನಲ್ಲಿ ಇಟ್ಟುಕೊಂಡು ಕೂತಿದ್ದ. ಅಂಗಿಯ ತುಂಬ ಕುಂಡದ ಮಣ್ಣು.

"ಬಾಗಿಲು ಕೆಟ್ಟಿದ್ರೂ ಪರವಾಗಿಲ್ಲ ಸರ್. ಸದ್ದು ನಿಮ್ಮ ಟೇಪಲ್ಲೇ ಇದೆ," ಅಂದಳು ಅವಳು. "ನಾನು ಬಂದಿದ್ದು ಬೇರೆ ವಿಷಯಕ್ಕೆ. ಬಾಗಿಲ ಸದ್ದಾದ್ಮೇಲೆ ಒಂದು ಕಿರುಚಾಟ ಬರತ್ತೆ. ನಿಮ್ಮ ಮೂವತ್ತು ಸಿನಿಮಾದಲ್ಲಿ ಅದೇ ಕಿರುಚಾಟ ಇದೆ. ಯಾರದು ಅಂತ ಗೊತ್ತಾಗ್ಲಿಲ್ಲ."

"ಅದಾ? ಸ್ಟುಡಿಯೋಗೆ ಬರ್ತಿದ್ದ ಯಾರೋ ಹುಡುಗಿ ಇರ್ಬೇಕು," ಅಂದ ಕಿರ್ರಣ್ಣ. ಬಕೆಟ್ಟಿನಲ್ಲಿದ್ದ ಕಾಲು ಇನ್ನೂ ತಣ್ಣಗಾಯಿತು.

"ಪೂರ್ತಿ ಕೇಳಿ, ನೆನಪಾಗ್ಬೋದು," ಅಂತ ಹುಡುಗಿ ಫೋನ್ ಒತ್ತಿದಳು.

ಕಿರ್ರ್... ಧಡಾರ್. ಆಮೇಲೆ ಕಿರುಚಾಟ. ಆಮೇಲೆ ಸಿನಿಮಾಕ್ಕೆ ಕತ್ತರಿಸಿ ಎಸೆದಿದ್ದ ಭಾಗ: "ರೀ! ಬೆರಳು ಸಿಕ್ಕೊಂಡಿದೆ ರೀ! ತೆಗೀರಿ!" ಅದರ ಹಿಂದೆಯೇ ಒಂದು ಗಂಡಸಿನ ದನಿ, ಮೈಕಿಗಷ್ಟೇ ಕೇಳುವಷ್ಟು ಮೆಲ್ಲಗಿನ, ಬಲು ಸಮಾಧಾನದ ದನಿ: "ತಡಿ, ಟೇಪ್ ಓಡ್ತಾ ಇದೆ. ಇನ್ನೊಂದ್ಸಲ ಕೂಗು."

ಹುಡುಗಿಗೆ ಅದು ನಾಟಕವಲ್ಲ ಅಂತ ಈಗ ಹೊಳೆಯಿತು. ಅವಳು ಹೆಂಡತಿಯ ಎಡಗೈ ನೋಡಿದಳು. ಹುಡುಗಿಯ ತೋಳಿನ ರೋಮ ಎದ್ದು ನಿಂತದ್ದು ಕಿರ್ರಣ್ಣನಿಗೆ ಸ್ಪಷ್ಟವಾಗಿ ಕಂಡಿತು. ಕಂಪ್ಯೂಟರ್ ಇಲ್ಲ, ಕತ್ತಲೆ ಇಲ್ಲ, ಹಾಡುಹಗಲು!

"ಹೆಡ್‌ಫೋನ್ ಹಾಕಿದ್ದೆ ಅಂದಿದ್ರಿ," ಅಂದಳು ಹೆಂಡತಿ.

"ಹಾಕಿದ್ನಲ್ಲ! ಅದಕ್ಕೇ..."

"ಮೈಕಿನ ಸದ್ದು ಹೆಡ್‌ಫೋನಲ್ಲಿ ಇನ್ನೂ ಜೋರಾಗಿ ಕೇಳತ್ತೆ ಆಂಟಿ," ಅಂದುಬಿಟ್ಟಳು ಹುಡುಗಿ. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು.

ಕಿರ್ರಣ್ಣನಿಗೆ ಹೇಳುವುದಕ್ಕೆ ಬೇಕಾದಷ್ಟಿತ್ತು. ಮಾರನೆಯ ದಿನವೇ ಸಿನಿಮಾ ಮುಗಿಸಬೇಕಿತ್ತು, ಕೂಲಿ ಕೊಟ್ಟು ಕರೆಸಿದ ಹುಡುಗಿಯರ್‍ಯಾರೂ ಹಾಗೆ ಕಿರುಚುತ್ತಿರಲಿಲ್ಲ. ಇಪ್ಪತ್ತಾರು ವರ್ಷ ತನಗೆ ತಾನೇ ಹೇಳಿಕೊಂಡ ಮಾತುಗಳು. ಅವನು ಅಂಗಿಯ ಮಣ್ಣು ಕೊಡವತೊಡಗಿದ. ಕೆಟ್ಟ ಕೆಲಸ ಮಾಡಿದ್ದೆ ಅಂತ ಅವನಿಗೆ ಅವತ್ತೇ ಗೊತ್ತಿತ್ತು.

"ಈ ಭಾಗ ಬೇಡ ಅಂದ್ರೆ ತೆಗೆದುಬಿಡ್ತೀನಿ," ಅಂದಳು ಹುಡುಗಿ ಮೆಲ್ಲಗೆ.

"ಯಾಕಮ್ಮ ತೆಗೀತೀಯ? ಪೂರ್ತಿ ಹಾಕು. ಫಲಕಕ್ಕೆ ಬರ್ಕೋ," ಅಂದಳು ಹೆಂಡತಿ. "ಕಿರುಚಿದ್ದು ನಾನು. ಹೆದರಿಸಿದ್ದು ಇವ್ರು."

ಹಾಗೇ ಬರೆದರು. ನಲವತ್ತು ವರ್ಷಕ್ಕೆ ಮೊದಲ ಸಲ ಕಿರ್ರಣ್ಣನ ಹೆಸರು ದಪ್ಪ ಅಕ್ಷರದಲ್ಲಿ ಗೋಡೆಗೆ ಏರಿತು. ನೋಡಲು ಬಂದ ಜನ ನೆರಳು ನೋಡಿ ನಗುತ್ತಾರೆ, ರಬ್ಬರ್ ಮುಖದ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ, ಈ ಫಲಕದ ಹತ್ತಿರ ಹೆಡ್‌ಫೋನ್ ಹಾಕಿಕೊಂಡವರು ಮಾತ್ರ ಅರ್ಧಕ್ಕೇ ಕಿತ್ತಿಟ್ಟು ಹೋಗುತ್ತಾರಂತೆ. ಅವನು ಒಂದು ದಿನವೂ ಆ ಕಡೆ ತಲೆ ಹಾಕಿಲ್ಲ.

ಬಡಗಿ ಬಂದು ಬಾಗಿಲು ಕೂಡಿಸಿ ಹೋದ. ಹೆಂಡತಿ ಈಗ ಮನೆಯ ಎಲ್ಲ ಬಾಗಿಲಿಗೂ ವಾರಕ್ಕೊಮ್ಮೆ ಎಣ್ಣೆ ಬಿಡುತ್ತಾಳೆ. ಜಗಳವಿಲ್ಲ, ಅಳುವಿಲ್ಲ, ಮಾತೂ ಅಷ್ಟಕ್ಕಷ್ಟೇ. ಕಿರ್ರಣ್ಣ ಪೇಪರ್ ಓದುತ್ತಾ ಕೂತಿರುತ್ತಾನೆ. ಸದ್ದೇ ಆಗಿರುವುದಿಲ್ಲ, ತಿರುಗಿದರೆ ಅವಳು ಕಾಫಿ ಲೋಟ ಹಿಡಿದು ಹಿಂದೆಯೇ ನಿಂತಿರುತ್ತಾಳೆ. ಅವನು ಕುರ್ಚಿಯಿಂದ ಗೇಣುದ್ದ ಹಾರುತ್ತಾನೆ.

"ಕೂಗ್ಬೇಕು ಅನ್ಸಿದ್ರೆ ಕೂಗಿ," ಅನ್ನುತ್ತಾಳೆ ಅವಳು ಲೋಟ ಇಡುತ್ತಾ. "ನಾನು ಏನೂ ರೆಕಾರ್ಡ್ ಮಾಡ್ತಿಲ್ಲ."